ಮೂರು ಬೆರಳು ನೀರು: ಬಚ್ಚಲಿಗೆ ಕೊಳವೆ ಮತ್ತು ಟ್ರ್ಯಾಪ್ ಜೋಡಿಸುವ ಕ್ರಮ



ಬೇಸಾಯಶಾಸ್ತ್ರ ಓದಿದವನು ಬಚ್ಚಲ ಕೊಳವೆಯ ಬಗ್ಗೆ ಏಕೆ ಬರೆಯುತ್ತಿದ್ದಾನೆ ಎಂದು ನಿಮ್ಮಲ್ಲಿ ಕೆಲವರಿಗಾದರೂ ಅನಿಸಬಹುದು. ಹೊಲಕ್ಕೆ ನೀರು ತರುವುದು ಎಷ್ಟು ಮುಖ್ಯವೋ, ಹೆಚ್ಚಾದ ನೀರನ್ನು ಬಸಿದು ಹೊರಹಾಕುವುದೂ ಅಷ್ಟೇ ಮುಖ್ಯವೆಂಬುದು ನಿಮಗೆ ತಿಳಿದ ಸಂಗತಿ. ಬಸಿಗಾಲುವೆ ಇಲ್ಲದ ಗದ್ದೆ ಜೌಗಾಗುತ್ತದೆ. ಮನೆಯ ಮಟ್ಟಿಗೂ ಇದೇ ಮಾತು ಸಲ್ಲುತ್ತದೆ. ಒಳಗೆ ಬಂದ ನೀರು ಸರಿಯಾದ ದಾರಿಯಲ್ಲಿ ಹೊರಗೆ ಹೋಗದಿದ್ದರೆ ಗೋಡೆಯ ಬುಡ ತೇವವಾಗುತ್ತದೆ, ಸೊಳ್ಳೆ ಹೆಚ್ಚುತ್ತದೆ, ಅಕ್ಕಪಕ್ಕದವರ ಮನಸ್ಸು ಕೆಡುತ್ತದೆ.

ಈ ಪಾಠವನ್ನು ನಾನು ಕಲಿತದ್ದು ವಿಶ್ವವಿದ್ಯಾನಿಲಯದಲ್ಲಿ ಅಲ್ಲ, ನಮ್ಮ ಊರಿನ ಮನೆಯಲ್ಲಿ. ಕೆಲವು ವರ್ಷಗಳ ಹಿಂದೆ ಹಳೆಯ ಬಚ್ಚಲನ್ನು ಕೆಡವಿ ಹೊಸದಾಗಿ ಕಟ್ಟಿಸಿದೆವು. ನೆಲಕ್ಕೆ ಟೈಲ್ಸ್, ಮೂಲೆಯಲ್ಲಿ ನಹಾನಿ ಟ್ರ್ಯಾಪ್, ಅದರ ಮೇಲೆ ಹೊಳೆಯುವ ಜಾಲರಿ. ಒಂದು ತಿಂಗಳಲ್ಲಿ ನೀರು ನಿಧಾನವಾಗಿ ಇಳಿಯತೊಡಗಿತು. ಜಾಲರಿ ತೆಗೆದು ನೋಡಿದೆ. ಒಳಗೆ ಬೋರಲಾಗಿ ಕೂತ ಒಂದು ಸಣ್ಣ ಬಟ್ಟಲು, ಅದರ ಸುತ್ತ ಕೂದಲು ಮತ್ತು ಸಾಬೂನಿನ ಜಿಡ್ಡು. ಅಡ್ಡಿಯಾಗಿರುವುದು ಇದೇ ಎಂದು ತಿಳಿದು ಆ ಬಟ್ಟಲನ್ನು ತೆಗೆದು ಕೊಟ್ಟಿಗೆಯ ಗೂಡಿನಲ್ಲಿಟ್ಟೆ. ನೀರು ಸರಾಗವಾಗಿ ಹೋಯಿತು. ನಾನೂ ಊರು ಬಿಟ್ಟು ಕೆಲಸಕ್ಕೆ ಮರಳಿದೆ.

ಮುಂದಿನ ಸಲ ಹೋದಾಗ ತಾಯಿಯವರ ಹಾಸಿಗೆ ಜಗಲಿಗೆ ಬಂದಿತ್ತು. ಅವರ ಕೋಣೆ ಬಚ್ಚಲಿಗೆ ಹೊಂದಿಕೊಂಡದ್ದು. ಸೆಖೆಗೆ ಹೊರಗೆ ಮಲಗುತ್ತಾರೆಂದು ಭಾವಿಸಿ ಸುಮ್ಮನಾದೆ. ಮಳೆಗಾಲದಲ್ಲೂ ಹಾಸಿಗೆ ಜಗಲಿಯಲ್ಲೇ ಇದ್ದುದನ್ನು ಕಂಡು ಕೇಳಿದೆ. "ಊರೂರು ತಿರುಗಿ ಬಸಿಗಾಲುವೆ ತೋಡಿಸ್ತೀಯಲ್ಲಪ್ಪ, ಈ ಬಚ್ಚಲ ನಾತಕ್ಕೆ ನಿನ್ನ ಹತ್ರ ಏನೂ ಇಲ್ವಾ?" ಎಂದರು. ಫಿನಾಯಿಲು ಸುರಿದೆ, ಬ್ಲೀಚಿಂಗ್ ಪುಡಿ ಹಾಕಿದೆ. ಎರಡು ದಿನಕ್ಕೆ ವಾಸನೆ ಮತ್ತೆ ಬಂತು. ಕೊನೆಗೆ ಊರಿನ ಹಿರಿಯ ಗಾರೆ ಕೆಲಸದವರೊಬ್ಬರು ಬಂದು ಜಾಲರಿ ಎತ್ತಿ ನೋಡಿ, "ಬಟ್ಟಲು ಎಲ್ಲಿ ಸ್ವಾಮಿ?" ಎಂದು ಕೇಳಿದರು. ಗೂಡಿನಲ್ಲಿದ್ದ ಬಟ್ಟಲನ್ನು ತೊಳೆದು ಮೊದಲಿನ ಜಾಗದಲ್ಲಿ ಕೂರಿಸಿ ಒಂದು ಚೊಂಬು ನೀರು ಸುರಿದರು. ಅಷ್ಟೇ ಚಿಕಿತ್ಸೆ. ಆ ವಾರವೇ ತಾಯಿಯವರ ಹಾಸಿಗೆ ಒಳಗೆ ಹೋಯಿತು.

ಇಂಥ ತಪ್ಪು ಅನೇಕ ಮನೆಗಳಲ್ಲಿ ಆಗುತ್ತಿದೆ. ಆದ್ದರಿಂದ ಬಚ್ಚಲಿನ ಕೊಳವೆ ಮತ್ತು ಟ್ರ್ಯಾಪನ್ನು ಜೋಡಿಸುವ ಸರಿಯಾದ ಕ್ರಮವನ್ನು ಇಲ್ಲಿ ವಿವರಿಸಿದೆ.

ಹಿಂದಿನ ಬಚ್ಚಲು, ಇಂದಿನ ಬಚ್ಚಲು

ಹಿಂದಿನ ಬಚ್ಚಲು ಸಾಮಾನ್ಯವಾಗಿ ಹಿತ್ತಲ ಕಡೆ ಇರುತ್ತಿತ್ತು. ಒಂದು ಕಲ್ಲುಚಪ್ಪಡಿ, ಒಲೆಯ ಮೇಲೆ ಹಂಡೆ, ಗೋಡೆಯ ಬುಡದಲ್ಲಿ ಒಂದು ತೂಬು. ನೀರು ತೂಬಿನಿಂದ ನೇರವಾಗಿ ಬಾಳೆಯ ಬುಡಕ್ಕೆ ಹೋಗುತ್ತಿತ್ತು. ಬಾವಿಯಿಂದ ಸೇದಿ ತಂದ ನೀರಾದ್ದರಿಂದ ಬಳಕೆಯೂ ಮಿತವಾಗಿತ್ತು. ಮೈಗೆ ಸೀಗೆಪುಡಿ, ಕಡಲೆಹಿಟ್ಟು. ತೂಬು ತೆರೆದಿದ್ದರೂ ಬಚ್ಚಲು ಮಲಗುವ ಕೋಣೆಯಿಂದ ದೂರವಿದ್ದುದರಿಂದ ತೊಂದರೆ ಅಷ್ಟಾಗಿ ಕಾಣುತ್ತಿರಲಿಲ್ಲ.

ಈಗ ಪರಿಸ್ಥಿತಿ ಬದಲಾಗಿದೆ. ಬಚ್ಚಲು ಮನೆಯೊಳಗೆ ಬಂದಿದೆ. 2019ರಲ್ಲಿ ಆರಂಭವಾದ ಜಲ ಜೀವನ್ ಯೋಜನೆಯು ಗ್ರಾಮೀಣ ಮನೆಗಳಿಗೆ ನಲ್ಲಿಯ ಮೂಲಕ ತಲಾ ದಿನಕ್ಕೆ 55 ಲೀಟರ್ ನೀರು ಕೊಡುವ ಗುರಿ ಇಟ್ಟುಕೊಂಡಿತು. ಐದು ಜನರ ಕುಟುಂಬದಲ್ಲಿ ಒಬ್ಬೊಬ್ಬರು ಎರಡು ಬಕೆಟ್, ಅಂದರೆ ಸುಮಾರು 30 ಲೀಟರ್ ನೀರಿನಲ್ಲಿ ಸ್ನಾನ ಮಾಡಿದರೂ ದಿನಕ್ಕೆ 150 ಲೀಟರ್ ಆಯಿತು. ಹನಿ ಹನಿಗೂಡಿದರೆ ಹಳ್ಳ ಎನ್ನುವಂತೆ ವರ್ಷಕ್ಕೆ ಇದು 54,000 ಲೀಟರಿಗೂ ಮೀರುತ್ತದೆ. ಇಷ್ಟು ನೀರು ಒಂದೇ ಕೊಳವೆಯಲ್ಲಿ ಹೊರಗೆ ಹೋಗಬೇಕು, ಆದರೆ ಹೊರಗಿನ ವಾಸನೆ, ಜಿರಲೆ, ಸೊಳ್ಳೆ ಅದೇ ಕೊಳವೆಯಲ್ಲಿ ಒಳಗೆ ಬರಬಾರದು. ಈ ಎರಡು ಕೆಲಸಗಳನ್ನು ಏಕಕಾಲಕ್ಕೆ ಮಾಡುವ ಸಾಧನವೇ ಟ್ರ್ಯಾಪ್.

ಟ್ರ್ಯಾಪ್ ಕೆಲಸ ಮಾಡುವ ಬಗೆ

ಟ್ರ್ಯಾಪ್ ಎಂದರೆ ಕೊಳವೆಯಲ್ಲಿ ಬೇಕೆಂದೇ ಮಾಡಿದ ಒಂದು ತಗ್ಗು. ಮೇಲಿನಿಂದ ಬಂದ ನೀರು ತಗ್ಗಿಗೆ ಇಳಿದು, ಮತ್ತೆ ಮೇಲೇರಿ, ಅಂಚು ದಾಟಿ ಮುಂದೆ ಹೋಗುತ್ತದೆ. ಹರಿವು ನಿಂತ ಮೇಲೆ ತಗ್ಗಿನಲ್ಲಿ ಸ್ವಲ್ಪ ನೀರು ಉಳಿಯುತ್ತದೆ. ಈ ನೀರೇ ಬಾಗಿಲು. ಮುಂದಿನ ನೀರು ಇದನ್ನು ತಳ್ಳಿಕೊಂಡು ಹೋಗಬಲ್ಲದು, ಆದರೆ ಹೊರಗಿನ ಗಾಳಿ ಇದನ್ನು ದಾಟಿ ಬರಲಾರದು. ಅಂಗಡಿಯವರು ಇದನ್ನು ವಾಟರ್ ಸೀಲ್ ಎನ್ನುತ್ತಾರೆ. ನಾವು ನೀರಿನ ಬಿರಡೆ ಎನ್ನೋಣ.

ಈ ಬಿರಡೆಯ ಆಳ ಕನಿಷ್ಠ 50 ಮಿ.ಮೀ. ಇರಬೇಕು. ಅಂದರೆ ಎರಡು ಅಂಗುಲ, ಸುಮಾರಾಗಿ ಮೂರು ಬೆರಳಗಲ. ಬಚ್ಚಲಿನ ಎಲ್ಲ ಸಾಮಾನುಗಳ ಪೈಕಿ ಕಾಸು ಬೀಳದೆ ಸಿಗುವುದು ಈ ಮೂರು ಬೆರಳು ನೀರು ಒಂದೇ. ಆದರೆ ಉಳಿದೆಲ್ಲ ಖರ್ಚು ಸಾರ್ಥಕವಾಗುವುದು ಇದರಿಂದಲೇ.

ನೀರು ಹರಿಸಿ ಹೊರಹಾಕುವ ವಿದ್ಯೆ ಬಹಳ ಹಳೆಯದು. ನಾಲ್ಕು ಸಾವಿರ ವರ್ಷಗಳಿಗೂ ಹಿಂದಿನ ಮೊಹೆಂಜೊದಾರೊ ನಗರದ ಮನೆಗಳಲ್ಲಿ ಸುಟ್ಟ ಇಟ್ಟಿಗೆಯ ಸ್ನಾನದ ಕಟ್ಟೆಗಳಿದ್ದವು. ಅಲ್ಲಿಂದ ನೀರು ಇಳಿಜಾರಿನಲ್ಲಿ ಹರಿದು ಬೀದಿಯ ಮುಚ್ಚಿದ ಚರಂಡಿಯನ್ನು ಸೇರುತ್ತಿತ್ತು. ಹೊರಗಿನ ವಾಸನೆಯನ್ನು ನೀರಿನಿಂದಲೇ ತಡೆಯುವ ಬಾಗಿದ ಕೊಳವೆಗೆ ಲಂಡನ್ನಿನ ಗಡಿಯಾರ ತಯಾರಕ ಅಲೆಕ್ಸಾಂಡರ್ ಕಮಿಂಗ್ 1775ರಲ್ಲಿ ಪೇಟೆಂಟ್ ಪಡೆದನು. ಇಂದಿನ ಎಲ್ಲ ಟ್ರ್ಯಾಪುಗಳ ಮೂಲತತ್ವ ಅದೇ.

ನೀರಿನ ಬಿರಡೆ ಕಳೆದುಹೋಗುವ ನಾಲ್ಕು ಬಗೆ

ಬಚ್ಚಲಿನಿಂದ ವಾಸನೆ ಬರುತ್ತಿದ್ದರೆ ಔಷಧಿ ಸುರಿಯುವ ಮೊದಲು ಬಿರಡೆಯ ನೀರು ಇದೆಯೇ ಎಂದು ನೋಡಬೇಕು. ಅದು ಹೋಗಲು ಮುಖ್ಯವಾಗಿ ನಾಲ್ಕು ಕಾರಣಗಳಿವೆ.

1. ಬಟ್ಟಲನ್ನು ತೆಗೆದಿರುವುದು: ನಾನು ಮಾಡಿದ್ದು ಇದೇ ತಪ್ಪು. ನಹಾನಿ ಟ್ರ್ಯಾಪಿನ ಕೆಲವು ಮಾದರಿಗಳಲ್ಲಿ ತಗ್ಗು ಉಂಟಾಗುವುದೇ ಆ ಬೋರಲು ಬಟ್ಟಲಿನಿಂದ. ಅದನ್ನು ತೆಗೆದರೆ ಟ್ರ್ಯಾಪ್ ಬರಿಯ ತೂತಾಗುತ್ತದೆ.

2. ಒಣಗುವುದು: ಬೇಸಿಗೆಯಲ್ಲಿ ಮನೆಗೆ ಬೀಗ ಹಾಕಿ ಹೋದರೆ, ಅಥವಾ ಅತಿಥಿಗಳ ಬಚ್ಚಲನ್ನು ಬಹುಕಾಲ ಬಳಸದಿದ್ದರೆ ಬಿರಡೆಯ ನೀರು ಕೆಲವೇ ವಾರಗಳಲ್ಲಿ ಆವಿಯಾಗುತ್ತದೆ. ಹೋಗುವ ಮುನ್ನ ಒಂದು ಚೊಂಬು ನೀರು ಸುರಿದು, ಅದರ ಮೇಲೆ ಒಂದೆರಡು ಚಮಚ ಅಡುಗೆ ಎಣ್ಣೆ ಬಿಟ್ಟರೆ ಎಣ್ಣೆಯ ಪದರ ಆವಿಯನ್ನು ತಡೆಯುತ್ತದೆ.

3. ಎಳೆತ: ಪೀಪಾಯಿಯಿಂದ ರಬ್ಬರ್ ಕೊಳವೆಯ ಮೂಲಕ ಡೀಸೆಲ್ ಎಳೆಯುವುದನ್ನೂ, ಕಾಲುವೆಯ ಏರಿಯ ಮೇಲೆ ಬಾಗಿದ ಕೊಳವೆ ಇಟ್ಟು ಸಾಲಿಗೆ ನೀರು ಹಾಯಿಸುವುದನ್ನೂ ನೀವು ನೋಡಿದ್ದೀರಿ. ಇದೇ ಸೈಫನ್ ಕ್ರಿಯೆ ಬಚ್ಚಲ ಕೊಳವೆಯಲ್ಲೂ ನಡೆಯುತ್ತದೆ. ಸಣ್ಣ ಕೊಳವೆ ಪೂರ್ತಿ ತುಂಬಿ ಜೋರಾಗಿ ಹರಿದರೆ, ಕೊನೆಯಲ್ಲಿ "ಗೊಳಕ್" ಎಂಬ ಸದ್ದಿನೊಂದಿಗೆ ಟ್ರ್ಯಾಪಿನ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಆ ಸದ್ದು ಪ್ರತಿಸಲ ಕೇಳಿಸಿದರೆ ಕೊಳವೆ ಸಣ್ಣದಾಗಿದೆ, ತೀರ ಕಡಿದಾಗಿದೆ, ಇಲ್ಲವೇ ಅದಕ್ಕೆ ಗಾಳಿ ಸಾಲದು ಎಂದು ತಿಳಿಯಬೇಕು.

4. ಕೂದಲಿನ ಬತ್ತಿ: ಇದು ಹಲವರಿಗೆ ತಿಳಿಯದ ಕಾರಣ. ಕೂದಲಿನ ಎಳೆ ಅಥವಾ ಬಟ್ಟೆಯ ನೂಲು ಟ್ರ್ಯಾಪಿನ ಅಂಚಿಗೆ ಸಿಕ್ಕಿಕೊಂಡು, ಒಂದು ತುದಿ ನೀರಿನಲ್ಲೂ ಇನ್ನೊಂದು ತುದಿ ಆಚೆ ಕೊಳವೆಯಲ್ಲೂ ನೇತಾಡಿದರೆ, ದೀಪದ ಬತ್ತಿ ಎಣ್ಣೆಯನ್ನು ಹೀರುವಂತೆ ಅದು ನೀರನ್ನು ಹನಿಹನಿಯಾಗಿ ಹೀರಿ ಹೊರಹಾಕುತ್ತದೆ. ಮಣ್ಣಿನ ಕೆಳಪದರದ ತೇವ ಮೇಲೇರುವುದೂ ಇದೇ ಕೇಶಾಕರ್ಷಣೆಯಿಂದ. ಹೊಲದಲ್ಲಿ ಇದು ಉಪಕಾರಿ, ಟ್ರ್ಯಾಪಿನಲ್ಲಿ ಅಪಕಾರಿ.

ಬೇಕಾಗುವ ಸಾಮಗ್ರಿಗಳು

ಬಚ್ಚಲಿನ ನೆಲದ ನೀರಿಗೆ 75 ಮಿ.ಮೀ. ಪಿ.ವಿ.ಸಿ. ಕೊಳವೆ ಸೂಕ್ತ. ಇದಕ್ಕಿಂತ ಸಣ್ಣದನ್ನು ಹಾಕಿ ಹಣ ಉಳಿಸಲು ಹೋಗಬಾರದು. ಕೊಳವೆ ಎಂದೂ ಪೂರ್ತಿ ತುಂಬದೆ, ಮೇಲೆ ಗಾಳಿ ಆಡುವಂತಿದ್ದರೆ ಸೈಫನ್ ಎಳೆತ ಉಂಟಾಗುವುದಿಲ್ಲ. ನೀರಾವರಿಗೆ ಬಳಸುವ ಕೊಳವೆಯ ಬದಲು ಮನೆಯ ತ್ಯಾಜ್ಯ ನೀರಿಗೆಂದೇ ಮಾರುವ ಕೊಳವೆಯನ್ನೇ ಕೊಳ್ಳಿರಿ. ಬೆಂಡು, ಟೀಗಳು ಇದಕ್ಕೆ ಸರಿಯಾಗಿ ಹೊಂದುತ್ತವೆ.

ಟ್ರ್ಯಾಪನ್ನು ಕೊಳ್ಳುವಾಗ ಅಂಗಡಿಯಲ್ಲೇ ಪರೀಕ್ಷಿಸಿರಿ. ಅದನ್ನು ಸಮತಟ್ಟಾಗಿ ಇಟ್ಟು, ಹೊರಬಾಯಿಯಿಂದ ಚೆಲ್ಲುವವರೆಗೆ ನೀರು ಸುರಿಯಿರಿ. ಈಗ ನಿಂತ ನೀರಿನ ಮಟ್ಟದಿಂದ ಒಳಗಿನ ತಡೆಯ ಕೆಳ ಅಂಚಿನವರೆಗೆ ಒಂದು ಕಡ್ಡಿಯಿಂದ ಅಳೆಯಿರಿ. 50 ಮಿ.ಮೀ.ಗಿಂತ ಕಡಿಮೆ ಇದ್ದರೆ ಬೇರೊಂದನ್ನು ಕೇಳಿರಿ. ಬಟ್ಟಲಿನ ಮಾದರಿಗಿಂತ ಕೊಳವೆಯೇ ಬಾಗಿರುವ ಮಾದರಿ ಮೇಲು. ಅದರಲ್ಲಿ ತೆಗೆದು ಬಿಸಾಡುವಂಥದ್ದು ಏನೂ ಇರುವುದಿಲ್ಲ.

ಇವುಗಳ ಜೊತೆಗೆ ಬೆಂಡುಗಳು, ಕೊಳವೆ ಅಂಟಿಸುವ ಸಾಲ್ವೆಂಟ್ ಸಿಮೆಂಟು, ಹ್ಯಾಕ್ಸಾ, ಅರ, ರಸಮಟ್ಟ, ಮತ್ತು ಹೊರಗೆ ಕೂರಿಸಲು ಒಂದು ಗಲ್ಲಿ ಟ್ರ್ಯಾಪ್ ಬೇಕು.

ಜೋಡಿಸುವ ಕ್ರಮ

1. ಮೊದಲು ಹೊರಗಿನ ಮಟ್ಟ ನೋಡಿ. ನಾಲೆ ತೋಡುವಾಗ ನೀರು ಕೊನೆಗೆ ಎಲ್ಲಿ ಬೀಳಬೇಕೆಂದು ಮೊದಲು ನಿರ್ಧರಿಸುತ್ತೀರಲ್ಲವೇ? ಇಲ್ಲೂ ಹಾಗೆಯೇ. ಹೊರಗಿನ ಗಲ್ಲಿ ಟ್ರ್ಯಾಪಿನ ಮಟ್ಟವನ್ನು ಗೊತ್ತುಮಾಡಿ, ಅಲ್ಲಿಂದ ಒಳಮುಖವಾಗಿ ಏರುತ್ತ ಬನ್ನಿ. ಒಳಗಿನಿಂದ ಆರಂಭಿಸಿದರೆ ಕೊನೆಗೆ ಇಳಿಜಾರು ಸಾಲದೆ ನೆಲವನ್ನೇ ಒಡೆಯಬೇಕಾಗುತ್ತದೆ.

2. ಇಳಿಜಾರು ಅಡಿಗೆ ಕಾಲು ಅಂಗುಲ ಇರಲಿ. ಅಂದರೆ ಮೀಟರಿಗೆ ಸುಮಾರು 20 ಮಿ.ಮೀ. ಎಂಟು ಅಡಿ ಉದ್ದದ ಕೊಳವೆಗೆ ಎರಡು ಅಂಗುಲ ಇಳಿತ ಬೇಕು. ಕಡಿಮೆಯಾದರೆ ಕಸ ತಂಗುತ್ತದೆ. ತೀರ ಹೆಚ್ಚಾದರೆ ನೀರು ಓಡಿಹೋಗಿ ಜಿಡ್ಡು ಹಿಂದೆ ಉಳಿಯುತ್ತದೆ, ಎಳೆತವೂ ಹೆಚ್ಚುತ್ತದೆ. ಸಾಲು ನೀರಾವರಿಯಲ್ಲಿ ಇಳಿಜಾರು ಹೆಚ್ಚಾದರೂ ಕಷ್ಟ, ಕಡಿಮೆಯಾದರೂ ಕಷ್ಟ ಎಂಬುದನ್ನು ನೆನಪಿಸಿಕೊಳ್ಳಿ.

3. ಟ್ರ್ಯಾಪಿನ ಜಾಗ: ಬಾಗಿಲಿಗೆ ದೂರವಾದ, ಹೊರಗೋಡೆಗೆ ಹತ್ತಿರವಾದ ಮೂಲೆ ಒಳ್ಳೆಯದು. ಹಂಡೆಯ ಒಲೆ ಇದ್ದರೆ ಅದರ ಬಾಯಿಯಿಂದ ದೂರವಿರಲಿ. ಬೂದಿ ಮತ್ತು ಇದ್ದಿಲು ಟ್ರ್ಯಾಪಿಗೆ ಬಿದ್ದು ಸಾಬೂನಿನ ಜಿಡ್ಡಿನೊಂದಿಗೆ ಸೇರಿ ಗಟ್ಟಿಯಾಗುತ್ತವೆ.

4. ಗೋಡೆಯ ತೂತು ಕೊಳವೆಗಿಂತ ಸ್ವಲ್ಪ ದೊಡ್ಡದಿರಲಿ. ಗೋಡೆ ಕೂಡುವಾಗ ಅಥವಾ ಎರೆಮಣ್ಣು ಉಬ್ಬಿ ಕುಗ್ಗುವಾಗ ಕೊಳವೆ ಸಿಕ್ಕಿ ಬಿರಿಯಬಾರದು.

5. ಅಂಟಿಸುವ ಮೊದಲು ಒಮ್ಮೆ ಒಣದಾಗಿ ಜೋಡಿಸಿ ನೋಡಿ. ಅಳತೆ ಸರಿಯಿದ್ದರೆ ಪ್ರತಿ ಜೋಡಣೆಯ ಮೇಲೂ ಪೆನ್ಸಿಲ್ ಗೆರೆ ಎಳೆದು ಬಿಚ್ಚಿ. ಸಾಧ್ಯವಾದಷ್ಟು ಕಡಿಮೆ ತಿರುವುಗಳಿರಲಿ. ಒಂದೇ ಕಡೆ ಚೂಪಾಗಿ ತಿರುಗಿಸುವ ಬದಲು ಎರಡು ಅರೆ ಬೆಂಡುಗಳನ್ನು ಬಳಸಿದರೆ ಮುಂದೆ ಕಡ್ಡಿ ಹಾಕಿ ತೆಗೆಯಲು ಸುಲಭ.

6. ಅಂಟಿಸುವಾಗ ಕತ್ತರಿಸಿದ ತುದಿಯ ಎಳೆಗಳನ್ನು ಅರದಿಂದ ತೆಗೆಯಿರಿ. ಒಳಗೆ ಉಳಿದ ಎಳೆಯೇ ಮುಂದೆ ಕೂದಲನ್ನು ಹಿಡಿಯುತ್ತದೆ. ಎರಡೂ ಮುಖಗಳನ್ನು ಒಣಬಟ್ಟೆಯಿಂದ ಒರೆಸಿ, ತೆಳುವಾಗಿ ಅಂಟು ಹಚ್ಚಿ, ಕಾಲು ಸುತ್ತು ತಿರುಗಿಸುತ್ತ ಒಳಗೆ ತಳ್ಳಿ, ಅರ್ಧ ನಿಮಿಷ ಹಿಡಿದುಕೊಳ್ಳಿ. ಈ ಅಂಟಿಗೆ ಬೇಗ ಬೆಂಕಿ ತಗಲುತ್ತದೆ. ಬಚ್ಚಲ ಒಲೆ ಉರಿಯುತ್ತಿರುವಾಗ ಈ ಕೆಲಸ ಮಾಡಕೂಡದು.

7. ಟ್ರ್ಯಾಪನ್ನು ಕಾಂಕ್ರೀಟಿನ ಹಾಸಿನ ಮೇಲೆ ಸಮತಟ್ಟಾಗಿ ಕೂರಿಸಿ. ಇದು ಅತಿ ಮುಖ್ಯವಾದ ಹಂತ. ಕೊಳವೆಗೆ ಇಳಿಜಾರು ಬೇಕು, ಟ್ರ್ಯಾಪಿಗೆ ಬೇಡ. ಟ್ರ್ಯಾಪ್ ವಾಲಿದರೆ 50 ಮಿ.ಮೀ. ಬಿರಡೆ 30 ಮಿ.ಮೀ.ಗೆ ಇಳಿಯಬಹುದು. ರಸಮಟ್ಟ ಇಟ್ಟು ಎರಡೂ ದಿಕ್ಕಿನಲ್ಲಿ ನೋಡಿ.

8. ಮುಚ್ಚುವ ಮೊದಲು ಪರೀಕ್ಷೆ ಮಾಡಿ. ಅಂಟು ಒಣಗಿದ ಮರುದಿನ ಹೊರತುದಿಯನ್ನು ಬಿಗಿಯಾಗಿ ಮುಚ್ಚಿ, ಟ್ರ್ಯಾಪಿನ ಬಾಯಿಯವರೆಗೆ ನೀರು ತುಂಬಿ, ಮಟ್ಟವನ್ನು ಗುರುತುಮಾಡಿ ಒಂದು ಗಂಟೆ ಬಿಡಿ. ಮಟ್ಟ ಇಳಿದರೆ ಎಲ್ಲೋ ಸೋರುತ್ತಿದೆ ಎಂದರ್ಥ. ಪ್ರತಿ ಜೋಡಣೆಯ ಕೆಳಗೆ ಒಣಗಿದ ಕಾಗದ ಒತ್ತಿ ನೋಡಿದರೆ ಸೋರುವ ಜಾಗ ತಿಳಿಯುತ್ತದೆ. "ನಾಳೆ ನೋಡೋಣ, ಈಗ ಮುಚ್ಚಿಬಿಡಿ" ಎಂಬ ಮಾತಿಗೆ ಒಪ್ಪಬೇಡಿ. ನೆಲದಡಿ ಸೋರಿದ ನೀರು ಗೋಡೆಯ ಬುಡದಲ್ಲಿ ಉಪ್ಪಾಗಿ ಕಾಣಿಸಿಕೊಳ್ಳಲು ವರ್ಷಗಳೇ ಹಿಡಿಯಬಹುದು. ಅಷ್ಟರಲ್ಲಿ ಬುನಾದಿ ಹಾಳಾಗಿರುತ್ತದೆ.

9. ನೆಲ ಹಾಕುವಾಗ ಟ್ರ್ಯಾಪಿನ ಬಾಯಿ ನೆಲದ ಮಟ್ಟಕ್ಕಿಂತ ಕಾಲು ಅಂಗುಲ ತಗ್ಗಿನಲ್ಲಿರಲಿ. ಅದರ ಸುತ್ತಲಿನ ಸಂದನ್ನು ನೀರುನಿರೋಧಕ ಪುಡಿ ಬೆರೆಸಿದ ಸಿಮೆಂಟು ಗಾರೆಯಿಂದ ತುಂಬಿ. ನೆಲವೆಲ್ಲ ಟ್ರ್ಯಾಪಿನ ಕಡೆಗೇ ಇಳಿಯಬೇಕು. ಗಾರೆ ಕೆಲಸದವರು ಹೋಗುವ ಮುನ್ನ ಒಂದು ಬಕೆಟ್ ನೀರು ಚೆಲ್ಲಿ, ಎಲ್ಲೂ ಮಡುಗಟ್ಟದೆ ಹೋಗುವುದನ್ನು ಅವರ ಎದುರಿಗೇ ನೋಡಿ.

10. ಹೊರತುದಿಯು ಗಲ್ಲಿ ಟ್ರ್ಯಾಪಿನ ಜಾಲರಿಯ ಕೆಳಗೆ, ಆದರೆ ಅದರ ನೀರಿನ ಮೇಲೆ, ಗಾಳಿಗೆ ತೆರೆದಂತೆ ಇರಲಿ. ತುದಿ ನೀರಿನಲ್ಲಿ ಮುಳುಗಿದರೆ ಕೊಳವೆಯೊಳಗಿನ ಗಾಳಿ ಸಿಕ್ಕಿಬಿದ್ದು ನೀರು ಇಳಿಯುವುದಿಲ್ಲ.

ನೆಲದ ಮೇಲೆ ನಿಲ್ಲುವ ಸ್ನಾನದ ತೊಟ್ಟಿ ಇದ್ದರೆ

ಕೊಡಗು, ಚಿಕ್ಕಮಗಳೂರು ಮತ್ತು ಮಲೆನಾಡಿನ ಇತರ ಕಡೆಗಳಲ್ಲಿ ತೋಟದ ಮನೆಗಳನ್ನು ಹೋಂಸ್ಟೇ ಮಾಡಿರುವ ಕೃಷಿಕರು ಅನೇಕರಿದ್ದಾರೆ. ಕೆಲವರು ಅತಿಥಿಗಳಿಗಾಗಿ, ಗೋಡೆಗೆ ಸೇರದೆ ತನ್ನಷ್ಟಕ್ಕೆ ತಾನೇ ನಿಲ್ಲುವ ಸ್ನಾನದ ತೊಟ್ಟಿಯನ್ನು ಹಾಕಿಸುತ್ತಿದ್ದಾರೆ. ನೋಡಲು ಚೆಂದ. ಆದರೆ ಸುತ್ತ ಕಟ್ಟೆ ಇಲ್ಲದ್ದರಿಂದ ಕೊಳವೆಯನ್ನು ಮರೆಮಾಡಲು ಜಾಗ ಕಡಿಮೆ, ತಪ್ಪಾದರೆ ಕೈ ಹಾಕುವುದೂ ಕಷ್ಟ.

ತೊಟ್ಟಿಯನ್ನು ಒಂದು ಸಣ್ಣ ಕೆರೆಯೆಂದು ತಿಳಿಯಿರಿ. ತಳದಲ್ಲಿ ತೂಬು, ಮೇಲಂಚಿನ ಬಳಿ ಕೋಡಿ. ತೂಬಿನ ನೀರೂ ಕೋಡಿಯ ನೀರೂ ಒಂದಾಗಿ, ನಂತರವೇ ಟ್ರ್ಯಾಪನ್ನು ಸೇರಬೇಕು. ಕೋಡಿಯ ಕೊಳವೆಯನ್ನು ಟ್ರ್ಯಾಪಿನ ಆಚೆಗೆ ಜೋಡಿಸಿದರೆ ತೂಬಿಗೆ ಬಾಗಿಲಿಟ್ಟು ಕೋಡಿಯನ್ನು ತೆರೆದಿಟ್ಟಂತೆ. ವಾಸನೆ ಅಲ್ಲಿಂದಲೇ ಬರುತ್ತದೆ.

ಮೊದಲು ತೊಟ್ಟಿಯನ್ನು ಅದರ ಜಾಗದಲ್ಲಿಟ್ಟು ತೂಬಿನ ನಡುಬಿಂದುವನ್ನು ನೆಲದ ಮೇಲೆ ಗುರುತುಮಾಡಿ. ನೆಲವನ್ನು ಅಗೆಯುವುದು ಆಮೇಲೆ. ತೊಟ್ಟಿಯ ಅಡಿಯಲ್ಲಿ ಸಾಕಷ್ಟು ಎತ್ತರ ಇಲ್ಲದಿದ್ದರೆ ಟ್ರ್ಯಾಪಿಗಾಗಿ ನೆಲದಲ್ಲಿ ಸಣ್ಣ ಗುಂಡಿ ಬೇಕಾಗುತ್ತದೆ. ಗುಂಡಿಗೆ ತೆಗೆಯಬಹುದಾದ ಮುಚ್ಚಳವಿರಲಿ, ಸಿಮೆಂಟು ಸುರಿದು ಮುಚ್ಚಬಾರದು.

ತೂಬಿನ ಹಿತ್ತಾಳೆ ಅಥವಾ ಪ್ಲಾಸ್ಟಿಕ್ ಬಾಯಿಯನ್ನು ಕೂರಿಸುವಾಗ ತೊಟ್ಟಿಯ ಮೇಲೂ ಕೆಳಗೂ ರಬ್ಬರ್ ವಾಷರ್ ಇರಬೇಕು. ಟ್ರ್ಯಾಪಿನ ದೊಡ್ಡ ನಟ್ಟನ್ನು ಕೈಯಿಂದ ಬಿಗಿದು, ಮೇಲೆ ಕಾಲು ಸುತ್ತು ತಿರುಗಿಸಿದರೆ ಸಾಕು. ಸ್ಪ್ಯಾನರ್ ಹಾಕಿ ಬಲವಾಗಿ ಬಿಗಿದರೆ ವಾಷರ್ ಮಡಚಿಕೊಂಡು ಸೋರುತ್ತದೆ. ತೊಟ್ಟಿಗೆ ಸಾಮಾನ್ಯವಾಗಿ 40 ಮಿ.ಮೀ. ಕೊಳವೆ ಬರುತ್ತದೆ. ಸಣ್ಣ ಕೊಳವೆಯಲ್ಲಿ ತೊಟ್ಟಿ ತುಂಬ ನೀರು ಒಮ್ಮೆಗೇ ಇಳಿಯುವುದರಿಂದ ಸೈಫನ್ ಎಳೆತದ ಭಯ ಇಲ್ಲಿ ಹೆಚ್ಚು. ಆದ್ದರಿಂದ ಟ್ರ್ಯಾಪಿನಿಂದ ಹೊರಗಿನ ಗಲ್ಲಿ ಟ್ರ್ಯಾಪಿನವರೆಗೆ ಉದ್ದ 3 ಮೀಟರ್ ಮೀರದಿರಲಿ. ಮೀರಿದರೆ ಟ್ರ್ಯಾಪಿನ ಆಚೆ ಹತ್ತಿರದಲ್ಲೇ ಟೀ ಹಾಕಿ, ಸೂರಿನ ಮೇಲಕ್ಕೆ ಹೋಗುವ ಗಾಳಿಕೊಳವೆಯನ್ನು ನಿಲ್ಲಿಸಿ, ಅದರ ತುದಿಗೆ ಸೊಳ್ಳೆ ಹೋಗದ ಬಲೆ ಕಟ್ಟಿ.

ಕೊನೆಯದಾಗಿ ತೊಟ್ಟಿಯನ್ನು ಕೋಡಿ ಬೀಳುವವರೆಗೆ ತುಂಬಿ, ನಂತರ ಒಮ್ಮೆಗೇ ಬಿಡಿ. ತುಂಬಿದಾಗ ಮತ್ತು ಬರಿದಾಗುವಾಗ ಎರಡೂ ಸಲ ಜೋಡಣೆಗಳನ್ನು ನೋಡಿ. 200 ಲೀಟರ್ ನೀರು ಎಂದರೆ 200 ಕಿಲೋ ಭಾರ. ಅದಕ್ಕೆ ತೊಟ್ಟಿಯ ಮತ್ತು ಮನುಷ್ಯನ ತೂಕ ಸೇರಿಸಿ. ಹಳೆಯ ಮನೆಯ ಮರದ ಅಟ್ಟದ ಮೇಲೆ ಇಂಥ ತೊಟ್ಟಿಯನ್ನು ಇಡುವ ಯೋಚನೆಯನ್ನು ತಿಳಿದವರನ್ನು ಕೇಳದೆ ಮಾಡಬೇಡಿ.

ಹೊರಗೆ ಬಂದ ನೀರಿನ ಬಳಕೆ

ನೀರನ್ನು ಗೋಡೆಯಾಚೆ ದಾಟಿಸಿದರೆ ಕೆಲಸ ಮುಗಿಯಲಿಲ್ಲ. ದಾರಿಗೆ ಬಿಟ್ಟ ನೀರು ನೆರೆಯವರ ಅಂಗಳದಲ್ಲಿ ನಿಲ್ಲುತ್ತದೆ. ಬೆಚ್ಚಗಿನ ಹವೆಯಲ್ಲಿ ಸೊಳ್ಳೆಯ ಮೊಟ್ಟೆ ಹಾರುವ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ ಸಾಕು. ಆನೆಕಾಲು ರೋಗವನ್ನು ಹರಡುವ ಕ್ಯೂಲೆಕ್ಸ್ ಸೊಳ್ಳೆಗೆ ಇಂಥ ಕೊಳಕು ನೀರೇ ಪ್ರಿಯ. ಕಣ್ಣಿಗೆ ಕಾಣುವಂತೆ ನೀರು ಎಲ್ಲೂ ನಿಲ್ಲಬಾರದು ಎಂಬುದೇ ಇಲ್ಲಿಯ ನಿಯಮ.

ಗಲ್ಲಿ ಟ್ರ್ಯಾಪಿನ ನಂತರ ಒಂದೂವರೆ ಅಡಿ ಚೌಕದ ಸಣ್ಣ ತೊಟ್ಟಿ ಕಟ್ಟಿ, ಅದರಲ್ಲಿ ಜಲ್ಲಿ ಮತ್ತು ತೆಂಗಿನ ನಾರು ತುಂಬಿ, ಮೇಲೆ ಚಪ್ಪಡಿ ಮುಚ್ಚಿ. ಕೂದಲು, ಜಿಡ್ಡು ಇಲ್ಲಿ ಉಳಿಯುತ್ತವೆ. ಮುಂದಿನ ದಾರಿ ನಿಮ್ಮ ಮಣ್ಣನ್ನು ಅವಲಂಬಿಸಿದೆ.

ಕೆಂಪು ಮಣ್ಣು ಅಥವಾ ಮರಳು ಮಿಶ್ರಿತ ಮಣ್ಣಾದರೆ 1 ಮೀಟರ್ ಉದ್ದ, ಅಗಲ, ಆಳದ ಇಂಗುಗುಂಡಿ ತೋಡಿ, ತಳದಲ್ಲಿ ದಪ್ಪ ಕಲ್ಲು, ಮೇಲಕ್ಕೆ ಬಂದಂತೆ ಸಣ್ಣ ಜಲ್ಲಿ ತುಂಬಿ ಮುಚ್ಚಬಹುದು. ಕುಡಿಯುವ ನೀರಿನ ಬಾವಿ, ಕೊಳವೆ ಬಾವಿಗಳಿಂದ ಕನಿಷ್ಠ 10 ಮೀಟರ್ ದೂರವಿರಲಿ.

ಎರೆಭೂಮಿಯಲ್ಲಿ ಇಂಗುಗುಂಡಿ ನಂಬುವಂಥದ್ದಲ್ಲ. ಎರೆಮಣ್ಣು ನೆನೆದರೆ ಉಬ್ಬಿ ತನ್ನ ರಂಧ್ರಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ಮೇಲಾಗಿ ಸಾಬೂನಿನಲ್ಲಿರುವ ಸೋಡಿಯಂ ಜೇಡಿಯ ಕಣಗಳನ್ನು ಚದುರಿಸಿ ಇಂಗುವಿಕೆಯನ್ನು ಇನ್ನಷ್ಟು ಕುಗ್ಗಿಸುತ್ತದೆ. ಗುಂಡಿ ಗೋಡೆಯ ಹತ್ತಿರವಿದ್ದರೆ ಮಣ್ಣು ಉಬ್ಬಿ ಕುಗ್ಗಿ ಗೋಡೆ ಬಿರಿಯುತ್ತದೆ. ಇಂಥ ಕಡೆ ನೀರನ್ನು ಮನೆಯಿಂದ ದೂರ ಒಯ್ದು ಗಿಡಗಳ ಬುಡಕ್ಕೆ ಹಂಚುವುದೇ ಸರಿ.

ಬೆಳೆದ ಬಾಳೆಗೆ ಬೇಸಿಗೆಯಲ್ಲಿ ದಿನಕ್ಕೆ ಸುಮಾರು 15ರಿಂದ 20 ಲೀಟರ್ ನೀರು ಬೇಕು. 150 ಲೀಟರ್ ಬಚ್ಚಲ ನೀರು ಏಳೆಂಟು ಬಾಳೆಗೆ ಸಾಕು. ತೆಂಗು, ನುಗ್ಗೆ, ಮೇವಿನ ನೇಪಿಯರ್ ಹುಲ್ಲಿಗೂ ಕೊಡಬಹುದು. ಹಸಿಯಾಗಿ ತಿನ್ನುವ ಸೊಪ್ಪು, ಗೆಡ್ಡೆಗಳಿಗೆ ಬೇಡ. ಬುಡದ ಪಾತಿಗೆ ತರಗು ಹೊದಿಸಿ, ನೀರು ಅದರ ಅಡಿಯಲ್ಲಿ ಬೀಳುವಂತೆ ಮಾಡಿ. ವಾರಕ್ಕೊಮ್ಮೆ ಸರದಿ ಬದಲಿಸಿ, ವರ್ಷಕ್ಕೊಮ್ಮೆ ಚೆನ್ನಾಗಿ ಕೊಟ್ಟಿಗೆ ಗೊಬ್ಬರ ಕೊಡಿ. ಪಾತಿಯ ಮಣ್ಣು ಮೇಲೆ ಬಿಳಿಯಾಗಿ, ಒಣಗಿದಾಗ ಗಟ್ಟಿ ಹೆಂಟೆಯಾದರೆ ಸೋಡಿಯಂ ಕೂಡಿದೆ ಎಂದು ತಿಳಿದು, ಮಣ್ಣು ಪರೀಕ್ಷೆ ಮಾಡಿಸಿ, ಸಲಹೆಯಂತೆ ಜಿಪ್ಸಂ ಬಳಸಬೇಕು.

ಶೌಚಾಲಯದ ಗುಂಡಿಗೆ ಬಚ್ಚಲ ನೀರನ್ನು ಸೇರಿಸಬಾರದು. ಆ ಗುಂಡಿಗಳ ಅಳತೆ ಶೌಚದ ನೀರಿಗಷ್ಟೇ ಸಾಲುವಂಥದ್ದು. ಹೆಚ್ಚಿನ ನೀರು ಬಿದ್ದರೆ ಬೇಗ ತುಂಬುತ್ತವೆ, ಒಳಗಿನದು ಕೊಳೆತು ಗೊಬ್ಬರವಾಗುವುದೂ ಕೆಡುತ್ತದೆ.

ನಿರ್ವಹಣೆ

ಅಮಾವಾಸ್ಯೆಗೊಮ್ಮೆ ಜಾಲರಿ ತೆಗೆದು ಕೂದಲನ್ನು ಕೈಯಿಂದ ಎತ್ತಿ, ಬಟ್ಟಲಿದ್ದರೆ ತೊಳೆದು, ಮರೆಯದೆ ಅದೇ ಜಾಗದಲ್ಲಿ ಕೂರಿಸಿರಿ. ದೀಪಾವಳಿ, ಯುಗಾದಿಯ ಎಣ್ಣೆಸ್ನಾನದ ಮರುದಿನವೂ ಇದನ್ನು ಮಾಡುವುದು ಒಳ್ಳೆಯದು. ಜಿಡ್ಡು ಕರಗಲೆಂದು ಹಂಡೆಯ ಕುದಿನೀರನ್ನು ಪಿ.ವಿ.ಸಿ. ಕೊಳವೆಗೆ ಸುರಿಯಬಾರದು, ಅದು ಮೆತ್ತಗಾಗಿ ಬಾಗುತ್ತದೆ. ಬಿಸಿನೀರು ಸಾಕು. ಆ್ಯಸಿಡ್ ಮತ್ತು ಬ್ಲೀಚಿಂಗ್ ಪುಡಿಯನ್ನು ಎಂದಿಗೂ ಒಟ್ಟಿಗೆ ಹಾಕಬೇಡಿ. ಅವುಗಳಿಂದ ಹೊರಡುವ ಕ್ಲೋರಿನ್ ಅನಿಲ ಪ್ರಾಣಾಪಾಯಕರ. ಹೊರಗಿನ ತೊಟ್ಟಿಯ ತೆಂಗಿನ ನಾರನ್ನು ಮೂರು ತಿಂಗಳಿಗೊಮ್ಮೆ ಬದಲಿಸಿ ಗೊಬ್ಬರದ ಗುಂಡಿಗೆ ಹಾಕಬಹುದು.

ನೆನಪಿಡಬೇಕಾದ ಅಂಶಗಳು

* ಟ್ರ್ಯಾಪಿನ ನೀರಿನ ಬಿರಡೆ 50 ಮಿ.ಮೀ.ಗೆ ಕಡಿಮೆ ಇರಬಾರದು.
* ಕೊಳವೆಗೆ ಅಡಿಗೆ ಕಾಲು ಅಂಗುಲ ಇಳಿಜಾರು. ಟ್ರ್ಯಾಪ್ ಮಾತ್ರ ಸಮತಟ್ಟು.
* ನೆಲ ಮುಚ್ಚುವ ಮೊದಲು ಒಂದು ಗಂಟೆಯ ನೀರಿನ ಪರೀಕ್ಷೆ.
* ತೊಟ್ಟಿಯ ತೂಬು, ಕೋಡಿ ಎರಡೂ ಟ್ರ್ಯಾಪಿನ ಮೊದಲೇ ಸೇರಬೇಕು.
* ಕೊನೆಗೆ ನೀರು ಗಿಡದ ಬುಡಕ್ಕೆ ಅಥವಾ ಇಂಗುಗುಂಡಿಗೆ. ದಾರಿಗಲ್ಲ.

ಈ ಲೇಖನವನ್ನು ಓದಿ ಮುಗಿಸಿದ ಕೂಡಲೇ ನಿಮ್ಮ ಬಚ್ಚಲಿಗೆ ಹೋಗಿ ಜಾಲರಿ ಎತ್ತಿ ನೋಡಿರಿ. ಒಳಗೆ ನೀರು ಹೊಳೆದರೆ ಸರಿ. ಕಾಣದಿದ್ದರೆ ಒಂದು ಚೊಂಬು ನೀರು ಸುರಿದು, ಮರುದಿನ ಬೆಳಿಗ್ಗೆ ಸ್ನಾನಕ್ಕೆ ಮೊದಲು ಅದು ನಿಂತಿದೆಯೇ ಎಂದು ಮತ್ತೆ ನೋಡಿರಿ. ನಿಲ್ಲದಿದ್ದರೆ ಕಾರಣ ಮೇಲೆ ಹೇಳಿದ ನಾಲ್ಕರಲ್ಲಿ ಒಂದಾಗಿರುತ್ತದೆ, ಇಲ್ಲವೇ ಟ್ರ್ಯಾಪ್ ವಾಲಿರುತ್ತದೆ ಅಥವಾ ಬಿರುಕು ಬಿಟ್ಟಿರುತ್ತದೆ. ಬಚ್ಚಲ ಪಕ್ಕದ ಕೋಣೆಯಲ್ಲಿ ಮಲಗುವವರು ಮನೆಯ ಹಿರಿಯರಾಗಿದ್ದರೆ ಅವರನ್ನೂ ಒಮ್ಮೆ ಕೇಳಿರಿ. ಕೇಳದ ಹೊರತು ಅವರು ಹೇಳುವುದಿಲ್ಲ. ನನ್ನ ತಾಯಿಯವರು ಹೇಳಲಿಲ್ಲ.